ಉಂಡೆ ಕೊಬ್ಬರಿಗೆ ಐಕಾನ್ ಎಲ್ಲಿದೆ ಸ್ವಾಮಿ?

ಬ್ಲಾಗ್ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸು, ಡೆಡ್‌ಲೈನು ಅಂತ ನೆಪ ಹೇಳಲ್ಲ, ಸೋಮಾರಿತನ ಅಷ್ಟೆ :-) ಇವತ್ತು ಕೋಪ ಬಂದು ಬರೀತಿದ್ದೀನಿ. ಅರ್ಧ ಕೋಪ ನನ್ನ ಮೇಲೇ ಇದೆ, ಹಾಗಾಗಿ ದಯವಿಟ್ಟು ಪೂರ್ತಿ ಓದಿ.

ನಮ್ಮೂರು ತುರುವೇಕೆರೆ ಹತ್ತಿರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ... ಈ ಮೂರು ತಾಲ್ಲೂಕಲ್ಲಿ ಯಾವ ಕಡೆ ತಿರುಗಿದ್ರೂ ತೆಂಗಿನ ತೋಟಾನೇ. ಊರಿನ ಹತ್ತಾರು ತೋಟದವರಿಗೆ ಅಂತ ಒಂದು ಸಣ್ಣ ವೆಬ್ ಪುಟ ಮಾಡಿಕೊಟ್ಟಿದ್ದೆ. ಮನೇಲಿ ಮಾರೋಕೆ ಏನು ಸಿದ್ಧ ಇದೆಯೋ ಅದರ ಬಟನ್ ಒತ್ತಿದ್ರೆ ಆಯ್ತು, ಕೊಳ್ಳೋರಿಗೆ ಸುದ್ದಿ ಹೋಗುತ್ತೆ. ಇದ್ದಿದ್ದು ನಾಲ್ಕೇ ಬಟನ್: ಎಳನೀರು, ಕಾಯಿ, ಕೊಬ್ಬರಿ, ಮಟ್ಟೆ. ಒಂದೊಂದಕ್ಕೂ ಒಂದು ಐಕಾನ್. ಕೆಳಗಿದ್ದ ಅಕ್ಷರಗಳನ್ನ "ಕ್ಲೀನ್ ಆಗಿ ಕಾಣಲಿ" ಅಂತ ನಾನೇ ತೆಗೆದುಬಿಟ್ಟಿದ್ದೆ. ಐಕಾನ್ ಹುಡುಕೋ ಸೈಟೊಂದಕ್ಕೆ ಹೋಗಿ ಹದಿನೈದು ನಿಮಿಷದಲ್ಲಿ ನಾಲ್ಕನ್ನೂ ಆರಿಸಿಕೊಂಡು ಬಂದಿದ್ದೆ. ಜಾಣತನ!

ಒಂದು ಭಾನುವಾರ ದೊಡ್ಡಪ್ಪನ ಮನೆ ಮುಂದೆ ಟೆಂಪೋ ಬಂದು ನಿಂತಿದೆ. ಬಂದವರು ಕಾಯಿ ವ್ಯಾಪಾರದವರು. ದೊಡ್ಡಪ್ಪ ಮಾರಬೇಕು ಅಂತಿದ್ದದ್ದು ಅಟ್ಟದ ಮೇಲೆ ವರ್ಷದಿಂದ ಒಣಗಿದ್ದ ಕೊಬ್ಬರಿ. ಒಳಗೆ ನೀರೇ ಇಲ್ಲದ್ದನ್ನ ಅವರೇನು ಮಾಡ್ತಾರೆ? ಪಾಪ, ದೊಡ್ಡಪ್ಪ ಅವರಿಗೆ ಕಾಫಿ ಕೊಟ್ಟು, ಡೀಸೆಲ್ ಕಾಸೂ ಕೊಟ್ಟು ಕಳಿಸಿದ್ರಂತೆ. ರಾತ್ರಿ ಫೋನ್ ಮಾಡಿದ್ರು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. "ನನ್ ಕಣ್ಣು ಹೋಯ್ತು ಕಣಪ್ಪ. ಇವೆಲ್ಲ ನಂಗ್ಯಾಕೆ, ನನ್ ಹೆಸ್ರು ತೆಗ್ದಾಕ್ಬುಡು" ಅಂದ್ರು.

ಪುಟ ತೆಗೆದು ನೋಡಿದೆ. ದೊಡ್ಡಪ್ಪನ ಕಣ್ಣು ಸರಿಯಾಗೇ ಇತ್ತು. ಕೊಬ್ಬರಿಗೆ ನಾನು ಹಾಕಿದ್ದು ಬಿಳಿ ತಿರುಳು ಕಾಣೋ ಅರ್ಧ ಹೋಳು. ಕಾಯಿಗೆ ಹಾಕಿದ್ದು ಮಟ್ಟೆ ಇಲ್ಲದ, ಗುಂಡಗಿನ ಕಂದು ಉಂಡೆ. ನಮ್ಮ ಕಡೆ ಕೊಬ್ಬರಿ ಅಂದ್ರೆ ಏನು? ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು, ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಗಿಟುಕನ್ನ ಹೊರಗೆ ತೆಗೀಬೇಕು. ದೊಡ್ಡಪ್ಪ ಕಂದು ಉಂಡೆ ನೋಡಿದ್ರು, ಒತ್ತಿದ್ರು. ಸರಿಯಾಗಿ ಓದಿದವರು ಅವರು, ತಪ್ಪು ಬರೆದವನು ನಾನು. ಆದ್ರೆ ನಾಚಿಕೆ ಪಟ್ಟಿದ್ದು ಅವರು. ನನ್ನ ಹೊಟ್ಟೆ ಉರಿದಿದ್ದು ಅಲ್ಲೇ.

ಈ ವ್ಯತ್ಯಾಸ ಏನೂ ಹಳ್ಳಿಯವರ ಕೊಂಕು ಅಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ನೋಡಿ: ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ, ಎಣ್ಣೆ ತೆಗೆಯೋ ಮಿಲ್ಲಿಂಗ್ ಕೊಬ್ಬರಿಗೆ 11,582. ಸರ್ಕಾರಕ್ಕೇ 518 ರೂಪಾಯಿಯ ವ್ಯತ್ಯಾಸ ಕಾಣುತ್ತೆ, ಐಕಾನ್ ಲೋಕಕ್ಕೆ ಕಾಣಲ್ಲ!

ಆಮೇಲೆ ಹಠ ಹಿಡಿದು ಕೂತೆ. ಮೂರು ಹುಡುಕು ತಾಣಗಳಲ್ಲಿ ಅದೇ ಮೂರು ಪದ ಹಾಕಿದೆ. ಹೆಸರು ಹೇಳಲ್ಲ, ಮೂರಕ್ಕೂ ಒಂದೇ ಕಾಯಿಲೆ. ಇಂಗ್ಲಿಷಲ್ಲಿ "ಕೊಕೊನಟ್" ಅಂದ್ರೆ ಸಮುದ್ರ ತೀರ, ಸ್ಟ್ರಾ, ಬಣ್ಣದ ಕೊಡೆ. "ಕೊಪ್ರಾ" ಅಂದ್ರೆ ಎರಡು ಕಡೆ ಖಾಲಿ, ಒಂದು ಕಡೆ ಹೆಡೆ ಎತ್ತಿದ ನಾಗರಹಾವು (ಕೋಬ್ರಾ ಅಂದ್ಕೊಂಡಿತು :-D). ಕನ್ನಡದಲ್ಲಿ "ಕೊಬ್ಬರಿ" ಅಂದ್ರೆ ಮೂರೂ ಕಡೆ ಸೊನ್ನೆ. ತಮಾಷೆ ಏನಂದ್ರೆ, ಇಂಗ್ಲಿಷಿನ ಕೊಪ್ರಾ ಪದ ಮಲಯಾಳದ ಕೊಪ್ಪರದಿಂದ ಪೋರ್ಚುಗೀಸರ ಬಾಯಲ್ಲಿ ಹೋದದ್ದು. ಪದ ನಮ್ಮ ಪಕ್ಕದ ಮನೆಯದು, ಅದಕ್ಕೊಂದು ಚಿತ್ರ ಮಾತ್ರ ಇಲ್ಲ.

ಅಂತರ್ಜಾಲದಲ್ಲಿ "ಅತ್ಯುತ್ತಮ ಐಕಾನ್ ತಾಣಗಳು" ಅಂತ ಲೇಖನ ಬೇಕಾದಷ್ಟಿವೆ. ಎಲ್ಲಾ ಕಡೆ ಒಂದೇ ಅಳತೆ: ಎಷ್ಟು ಲಕ್ಷ ಐಕಾನ್ ಇವೆ, ಎಷ್ಟು ಬೇಗ ಸಿಗುತ್ತೆ. ತಿಪಟೂರು ಮಾರ್ಕೆಟ್ಟಿನಲ್ಲಿ ಬರೀ ಚೀಲ ಎಣಿಸಿ ಯಾರಾದ್ರೂ ರೇಟು ಹೇಳ್ತಾರಾ? ಕೊಬ್ಬರಿ ಕೈಗೆ ತಗೊಂಡು ನೋಡ್ತಾರೆ. ನಾವೂ ಹಾಗೇ ನೋಡಬೇಕು. ನನ್ನ ಅಳತೆ ಇವು:

ಒಂದು, ಪದ. ಹುಡುಕೋ ಯಂತ್ರಗಳು ಬಹುಪಾಲು ಚಿತ್ರ ನೋಡಲ್ಲ, ಚಿತ್ರಕ್ಕೆ ಅಂಟಿಸಿರೋ ಪದ ನೋಡ್ತವೆ. ಅಂಟಿಸಿದವನಿಗೆ ಗೊತ್ತಿಲ್ಲದ ಪದ ನಿಮಗೆ ಸಿಗಲ್ಲ. ಹಾಗಾಗಿ ನಿಮ್ಮ ಬಳಕೆದಾರರ ಪದ ಹಾಕಿ ಪರೀಕ್ಷೆ ಮಾಡಿ.

ಎರಡು, ಕಣ್ಣು. ಬಳಸೋರಿಗೆ ತೋರಿಸಿ "ಇದೇನು?" ಅಂತ ಕೇಳಿ, ಸುಮ್ಮನಿರಿ. ಉತ್ತರ ಹೇಳಿಕೊಡಬೇಡಿ.

ಮೂರು, ಗಾತ್ರ. 24 ಪಿಕ್ಸೆಲ್‌ಗೆ ಇಳಿಸಿ, ಬಿಸಿಲಲ್ಲಿ ಮೊಬೈಲ್ ಹಿಡಿದು ನೋಡಿ. ಅಲ್ಲಿ ಗುರುತು ಸಿಗದಿದ್ರೆ ಐಕಾನ್ ಅಲ್ಲ, ಚುಕ್ಕೆ.

ನಾಲ್ಕು, ಲೈಸೆನ್ಸು. ಗೂಗಲ್ ಇಮೇಜಲ್ಲಿ ಕಂಡ ಮಾತ್ರಕ್ಕೆ ಅದು ನಮ್ಮದಾಗಲ್ಲ. ನೌನ್ ಪ್ರಾಜೆಕ್ಟ್, ಫ್ಲಾಟಿಕಾನ್‌ನಲ್ಲಿ ಪುಕ್ಕಟೆ ತಗೊಂಡ್ರೆ ಬರೆದವರ ಹೆಸರು ಹಾಕಬೇಕು. ಫಾಂಟ್ ಆಸಮ್‌ನ ಉಚಿತ ಐಕಾನ್‌ಗಳು ಕ್ರಿಯೇಟಿವ್ ಕಾಮನ್ಸ್, ಗೂಗಲ್‌ನ ಮೆಟೀರಿಯಲ್ ಐಕಾನ್‌ಗಳು ಅಪಾಚೆ 2.0. ಪಕ್ಕದ ತೋಟದ ಕಾಯಿ ಕೆಳಗೆ ಬಿದ್ದಿದೆ ಅಂತ ಎತ್ಕೊಂಡು ಬರ್ತೀವಾ?

"ಕನ್ನಡದಲ್ಲಿ ಹೆಸರು ಬರೆದಿದ್ರೆ ಮುಗೀತಿತ್ತಲ್ಲ ಗುರು" ಅಂತೀರಾ? ಒಪ್ಪಿದೆ, ಈಗ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ. ಆದ್ರೆ ಕನ್ನಡಕ ಮರೆತು ತೋಟಕ್ಕೆ ಹೋದವರಿಗೆ, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಚಿತ್ರವೂ ಬೇಕು. "ಎಐಗೆ ಹೇಳು, ಬರೆದುಕೊಡುತ್ತೆ" ಅಂತೀರಾ? ಹೇಳಿದೆ. ಅದೂ ಸ್ಟ್ರಾ ಹಾಕಿಕೊಡ್ತು.

"ಚಿಹ್ನೆ ಹುಟ್ಟಿಸೋದು ನಮ್ಮ ಕೆಲಸ ಅಲ್ಲ" ಅನ್ನೋರಿಗೆ ಒಂದು ನೆನಪು. ರೂಪಾಯಿಗೆ ಚಿಹ್ನೆ ಇರಲಿಲ್ಲ. ಉದಯ ಕುಮಾರ್ ಬರೆದ ಚಿಹ್ನೆಯನ್ನ 2010ರ ಜುಲೈ 15ರಂದು ಸರ್ಕಾರ ಒಪ್ಪಿತು, ಅದೇ ಅಕ್ಟೋಬರ್‌ನಲ್ಲಿ ಯುನಿಕೋಡ್‌ಗೆ ಸೇರಿತು. ತೆಂಗಿನಕಾಯಿಗೆ ಎಮೋಜಿ ಬಂದದ್ದು 2017ರಲ್ಲಿ, ಅದೂ ಒಡೆದ ಹೋಳು. ಆಟೋರಿಕ್ಷಾ, ಸೀರೆ ಬಂದದ್ದು 2019ರಲ್ಲಿ. ಯಾವುದೂ ಮರದಿಂದ ಉದುರಲಿಲ್ಲ, ಯಾರೋ ಕೂತು ಬರೆದು ಕೇಳಿದ್ದಕ್ಕೆ ಬಂತು.

ಹಾಗಾದ್ರೆ ಉಂಡೆ ಕೊಬ್ಬರಿಯನ್ನ ಹೇಗೆ ಬರೆಯೋದು? ಚಿಕ್ಕದು ಮಾಡಿದ್ರೆ ಬರೀ ಗುಂಡು. ಎರಡು ವಾರ ಒದ್ದಾಡಿದೆ. ಕೊನೆಗೆ ಊರಿಗೆ ಹೋಗಿ ದೊಡ್ಡಪ್ಪನ ಮುಂದೆ ಪೇಪರ್, ಪೆನ್ಸಿಲ್ ಇಟ್ಟೆ. "ಚಿಪ್ಪನ್ನ ಅರ್ಧ ಒಡ್ದು, ಒಳ್ಗೆ ಉಂಡೆ ಇಡೀದಾಗಿ ಕಾಣೋ ಹಂಗೆ ಬರಿ. ಇಡೀ ಉಂಡೆ ಕಂಡ್ರೆ ಕೊಬ್ರಿ, ಹೋಳು ಕಂಡ್ರೆ ಕಾಯಿ" ಅಂದ್ರು. ಅರ್ಧ ನಿಮಿಷದ ಕೆಲಸ! ಬರೆದು, 24 ಪಿಕ್ಸೆಲ್‌ಗೆ ಇಳಿಸಿ, ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. "ಕೊಬ್ರಿ ಕಣೋ, ಇದ್ನೇನ್ ಕೇಳ್ತೀಯ" ಅಂದ್ರು.

ಅದನ್ನ ವಿಕಿಮೀಡಿಯ ಕಾಮನ್ಸ್‌ಗೆ ಮುಕ್ತವಾಗಿ ಹಾಕ್ತಿದ್ದೀನಿ. ಅಲ್ಲಿ 2019ರಿಂದ ಚಿತ್ರಕ್ಕೆ ಯಾವ ಭಾಷೆಯಲ್ಲಾದ್ರೂ ಶೀರ್ಷಿಕೆ ಬರೀಬಹುದು. ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲಿ ಹುಡುಕಿದವರಿಗೆ ಸಿಗುತ್ತೆ.

ಗೆಳೆಯರೇ, ಕನ್ನಡದಲ್ಲಿ ಸೊನ್ನೆ ಬಂತು ಅಂತ ಯಂತ್ರಕ್ಕೆ ಬೈದು ಸಾಕಾಯ್ತು. ಅಲ್ಲಿ ಕನ್ನಡದ ಪದ ಹಾಕಬೇಕಾದವರು ನಾವೇ. ಮಲೆನಾಡಿನವರು ಅಡಿಕೆ ಗೊನೆ ಬರೀರಿ, ಮಂಡ್ಯದವರು ಆಲೆಮನೆ ಬರೀರಿ, ಉತ್ತರ ಕರ್ನಾಟಕದವರು ಜೋಳದ ರೊಟ್ಟಿ ಬರೀರಿ. ಬರೆಯೋಕೆ ಬರದವರು ಇರೋ ಚಿತ್ರಗಳಿಗೆ ಕನ್ನಡ ಶೀರ್ಷಿಕೆ ಹಾಕಿ, ದಿನಕ್ಕೆ ಎರಡು ಸಾಕು.

ದೊಡ್ಡಪ್ಪನ ಹೆಸರು ಪಟ್ಟಿಗೆ ವಾಪಸ್ ಬಂದಿದೆ. ಡೀಸೆಲ್ ಕಾಸು ಮಾತ್ರ ನನ್ನ ಹತ್ರ ತಗೊಳ್ಳಲ್ಲ ಅಂತಿದ್ದಾರೆ.