ಗಾಯ ಮಾಗಿದ ಮೇಲೂ ಉಳಿಯುವ ನೋವು

ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಮರುದಿನವೇ ಸಂತ ಅಗತಾಳ ಹಬ್ಬ. ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದಲ್ಲಿ ರಕ್ತಸಾಕ್ಷಿಯಾದ ಈ ಕನ್ಯೆಯ ಸ್ತನಗಳನ್ನು ಹಿಂಸಕರು ಕತ್ತರಿಸಿದರೆಂದು ಪರಂಪರೆ ಹೇಳುತ್ತದೆ. ಸ್ತನ ಕ್ಯಾನ್ಸರಿನಿಂದ ನೊಂದವರು ಆಕೆಯನ್ನು ತಮ್ಮ ಪಾಲಕಿಯೆಂದು ಸ್ಮರಿಸುತ್ತಾರೆ. ಈ ಸಂದರ್ಭದಲ್ಲಿ, ಆಡಲು ನಾವೆಲ್ಲ ಹಿಂಜರಿಯುವ ಒಂದು ವಿಷಯವನ್ನು ಓದುಗರ ಮುಂದಿಡಬಯಸುತ್ತೇವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೋದರಿಯರು ಈ ರೋಗದ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ದೂರದ ಆಸ್ಪತ್ರೆಗಳಿಗೆ ಹೋಗಬೇಕಾಗುತ್ತದೆ. ಜಿಲ್ಲಾ ಕೇಂದ್ರದಿಂದಲೇ ಅದು ಸುಮಾರು 200 ಕಿಲೋಮೀಟರ್ ಹಾದಿ. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರನ್ನು ನೋಡಲು ಹೋಗುವ ನಾವು, "ಜೀವ ಉಳಿಯಿತಲ್ಲ, ಅದೇ ದೊಡ್ಡದು" ಎಂದು ಹೇಳಿ ಬರುತ್ತೇವೆ. ಮಾತು ಸುಳ್ಳಲ್ಲ. ಆದರೆ ಆ ಮಾತಿನ ಮುಂದೆ ಆಕೆ ತನ್ನ ನೋವನ್ನು ಹೇಳಿಕೊಳ್ಳುವುದಾದರೂ ಹೇಗೆ? ಕನ್ನಡಿಯ ಮುಂದೆ ನಿಲ್ಲಲಾರದೆ, ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತ, ಕೂದಲುದುರಿದ ತಲೆಯನ್ನು ಮರೆಮಾಡಿ, ಮದುವೆ ಮನೆಗೂ ದೇವಾಲಯಕ್ಕೂ ಬಾರದೆ ಉಳಿಯುವ ತಾಯಂದಿರಿದ್ದಾರೆ. 'ನಾನಿನ್ನು ಪೂರ್ಣ ಹೆಣ್ಣಲ್ಲ' ಎಂಬ ಕೊರಗು ಪತಿಪತ್ನಿಯರ ನಡುವೆಯೂ ಮೌನವನ್ನು ತರುತ್ತದೆ.

ಇದು ಸೌಂದರ್ಯದ ಹಂಬಲವಲ್ಲ. ವಿಶ್ವಾಸದ ಕೊರತೆಯೂ ಅಲ್ಲ. ಇದು ಚಿಕಿತ್ಸೆಯಿಂದ ಶಮನವಾಗಬಲ್ಲ ವ್ಯಥೆ ಎಂಬುದನ್ನು ನಾವು ಅರಿಯಬೇಕು. ಮನಶ್ಶಾಸ್ತ್ರಜ್ಞರು ಆಕೆಯ ಮಾತನ್ನು ತಾಳ್ಮೆಯಿಂದ ಆಲಿಸಿ, ಮನಸ್ಸನ್ನು ಕುಗ್ಗಿಸುವ ಯೋಚನೆಗಳನ್ನು ಗುರುತಿಸಿ ಪ್ರಶ್ನಿಸಲು ಕಲಿಸುತ್ತಾರೆ. ಬದಲಾದ ದೇಹವನ್ನು ಅಂಜದೆ ನೋಡಲು ಹಂತಹಂತವಾಗಿ ನೆರವಾಗುತ್ತಾರೆ. ಅಗತ್ಯವಿದ್ದಲ್ಲಿ ಪತಿಯನ್ನೂ ಜೊತೆಗೆ ಕೂರಿಸಿಕೊಳ್ಳುತ್ತಾರೆ. ರೋಗಿಗಳು ಒಟ್ಟಾಗಿ ಕುಳಿತು ಮಾತನಾಡುವ ಗುಂಪು ಚಿಕಿತ್ಸೆಯೂ ಉಂಟು. ಅದು ಆಯುಸ್ಸನ್ನೂ ಹೆಚ್ಚಿಸುತ್ತದೆ ಎಂಬ ಆಸೆಯನ್ನು 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಅವರ ಅಧ್ಯಯನ ಮೂಡಿಸಿತ್ತು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಅದು ದೃಢಪಡಲಿಲ್ಲ. ಆದರೆ ಮನಸ್ಸಿನ ಸಂಕಟವೂ ನೋವಿನ ಅನುಭವವೂ ತಗ್ಗಿದ್ದು ಕಂಡುಬಂತು. ಬದುಕುವ ದಿನಗಳು ಹಗುರಾಗುವುದು ಸಣ್ಣ ಲಾಭವೇ?

ಆದುದರಿಂದ ಮನೆಯವರಲ್ಲಿ ನಮ್ಮ ಬಿನ್ನಹವಿಷ್ಟೆ. ಮರುತಪಾಸಣೆಗೆ ಹೋದಾಗ ಗಾಯದ ಬಗ್ಗೆ ಮಾತ್ರವಲ್ಲ, ನಿದ್ರೆ, ಅಳು, ಭಯಗಳ ಬಗ್ಗೆಯೂ ವೈದ್ಯರಿಗೆ ತಿಳಿಸಿರಿ. ಆಪ್ತಸಮಾಲೋಚನೆ ಬೇಕೆಂದು ಕೇಳಲು ಸಂಕೋಚಪಡದಿರಿ. ಬೆಂಗಳೂರಿಗೆ ಹೋಗುವ ಖರ್ಚು ಎಲ್ಲರಿಗೂ ಭರಿಸಲಾಗದು. ಅಂಥವರು ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾವಿನ ಯೋಚನೆ ಬಂದವರಂತೂ ಒಂದು ದಿನವೂ ಕಾಯಬಾರದು.

ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಅದನ್ನು ಸ್ಥಾಪಿಸಿದರು. ಅಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸೋದರಿಯ ಮನೆಗೆ ಹೋಗೋಣ. ಉಪದೇಶ ಬೇಡ, ಹೋಲಿಕೆ ಬೇಡ, ಅನುಕಂಪದ ನೋಟವೂ ಬೇಡ. "ಹೇಗಿದ್ದೀಯಮ್ಮಾ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರೋಣ.