ಹಳೆಯ ಮಾದರಿಯ ಅಗ್ಗದ ಸೀರೆಗಳು: ಗುಣವನ್ನೂ ಬಾಳಿಕೆಯನ್ನೂ ತಿಳಿಯುವ ಬಗೆ

ರಾಯಚೂರು ನಗರದ ತೀನ್ ಕಂದೀಲಿನ ಆಸುಪಾಸಿನ ಬಟ್ಟೆಯಂಗಡಿಗಳಲ್ಲಿಯೂ, ದೇವದುರ್ಗ ಮಾನವಿಗಳ ಸಂತೆಗಳಲ್ಲಿಯೂ ಕೆಲವು ವರುಷಗಳಿಂದ ಒಂದು ವಿಶೇಷವು ಕಾಣಬರುತ್ತಲಿದೆ. ನಮ್ಮ ಅಜ್ಜಿಯರು ಉಡುತ್ತಿದ್ದ ತೋಪತೆನಿ ಸೆರಗಿನ, ಕೆಂಪು ದಡಿಯ ಇಳಕಲ್ ಸೀರೆಯು ನಡುವೆ ಒಂದು ತಲೆಮಾರಿನವರ ಅನಾದರಕ್ಕೆ ಪಾತ್ರವಾಗಿದ್ದುದು, ಈಗ ಮರಳಿ ಆದರಕ್ಕೆ ಬಂದಿರುವುದು. ಕಾಲೇಜಿನ ಹೆಣ್ಣುಮಕ್ಕಳು ಉತ್ಸವದ ದಿನ ಅದನ್ನೇ ಬಯಸುವರು. ಮದುವೆಯ ಮನೆಯವರು ಉಡಿ ತುಂಬಲು ಅದನ್ನೇ ಕೊಳ್ಳುವರು. ಬೇಡಿಕೆಯು ಹೆಚ್ಚಿದೊಡನೆ ಅಗ್ಗದ ಪ್ರತಿಕೃತಿಗಳೂ ರಾಶಿ ರಾಶಿಯಾಗಿ ಬಂದು ಬಿದ್ದಿವೆ. ಐದಾರುನೂರು ರೂಪಾಯಿಗೆ ‘ಹಳೇ ಕಾಲದ ಸೀರೆ’ ದೊರೆಯುವುದಾದರೆ ಯಾರು ತಾನೆ ಬೇಡವೆಂದಾರು?

ಅಗ್ಗದ್ದನ್ನು ಕೊಳ್ಳಬಾರದೆಂದು ನಾವು ಹೇಳುವವರಲ್ಲ. ಕೂಲಿಯ ಹಣದಲ್ಲಿ ವರುಷಕ್ಕೆ ಎರಡೇ ಸೀರೆ ತರುವ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಾಗಿವೆ. ಅವರಿಗೆ ಅಗ್ಗದ ಹೊರತು ಬೇರೆ ಗತಿಯಿಲ್ಲ. ಆದರೆ ಅಂಥ ಮನೆಯ ಗೃಹಿಣಿಯ ಸೀರೆಯು ನಾಲ್ಕು ತಿಂಗಳಿಗೆ ಪಿಸಿದುಹೋದರೆ, ಆಕೆಯು ಉಳಿದೊಂದನ್ನೇ ರಾತ್ರಿ ಒಗೆದು ಬೆಳಗ್ಗೆ ಉಡಬೇಕಾಗುವುದು. ಇದು ಸಣ್ಣ ಮಾತಲ್ಲ. ಆದುದರಿಂದ ಈ ತಿಂಗಳು ನಮ್ಮ ಲೇಖನಕ್ಕೆ ಇದೇ ವಿಷಯವು.

ಈಚೆಗೆ ಒಂದು ಸಂತೆಯಲ್ಲಿ ವ್ಯಾಪಾರಿಯೊಬ್ಬನು ಓರ್ವ ವೃದ್ಧೆಯ ಮುಂದೆ ಸೀರೆಯನ್ನು ಹರಡಿ, “ನೋಡ್ರಿ ಯವ್ವಾ, ನಿಮ್ಮ ಕಾಲದ ತೋಪತೆನಿನೇ ಐತಿ. ಐದುನೂರಕ್ಕ ಇಂಥಾದ್ದು ಇಳಕಲ್ಲಾಗೂ ಸಿಗಂಗಿಲ್ಲ” ಎಂದು ಹೊಗಳುತ್ತಿದ್ದನು. ಆಕೆಯು ಸೀರೆಯ ತುದಿಯಿಂದ ಒಂದು ಬಿಡಿನೂಲನ್ನು ಬಿಡಿಸಿ, ಅದರ ನಡುವನ್ನು ನಾಲಗೆಗೆ ಹಚ್ಚಿ, ಎರಡೂ ಕಡೆಗೆ ಎಳೆದಳು. ನೂಲು ಒದ್ದೆಯಾದಲ್ಲಿಯೇ ಕಡಿಯಿತು. “ತೆನಿ ಐತಿ ಖರೇ ತಮ್ಮಾ, ಒಳಗ ಕಾಳಿಲ್ಲ” ಎಂದು ನಕ್ಕು ಎದ್ದುಹೋದಳು. ಸೆರಗಿನ ಮೇಲೆ ನೆಯ್ಯುವ ಜೋಳದ ತೆನೆಯ ಆಕೃತಿಯಿಂದಲೇ ಆ ಮಾದರಿಗೆ ‘ತೆನಿ’ ಎಂಬ ಹೆಸರು ಬಂದುದಷ್ಟೆ. ಜೋಳದ ಸೀಮೆಯ ಮುದುಕಿಗಲ್ಲದೆ ಇಂಥ ಮಾತು ಹೊಳೆಯಲಾರದು. ಆಕೆಯು ಮಾಡಿದ ಪರೀಕ್ಷೆಯೂ ಕೇವಲ ರೂಢಿಯದಲ್ಲ, ಶಾಸ್ತ್ರಸಮ್ಮತವಾದುದು. ಅದನ್ನು ಮುಂದೆ ವಿವರಿಸುವೆವು.

ಹಳೆಯ ಮಾದರಿಯ ಮೋಹವು ನಮ್ಮಲ್ಲಿ ಮಾತ್ರ ಇರುವುದೆಂದು ವಾಚಕರು ಭಾವಿಸಬಾರದು. 1946ನೆಯ ಇಸವಿಯ ಜುಲೈ 5ರಂದು ಪ್ಯಾರಿಸ್ ನಗರದಲ್ಲಿ ಲೂಯಿ ರೆಯಾರ್ ಎಂಬವನು ಬಿಕಿನಿಯೆಂಬ ಎರಡು ತುಂಡಿನ ಈಜುಡುಗೆಯನ್ನು ಮೊದಲು ತೋರಿಸಿದನು. ಆ ಕಾಲದ ಮಾದರಿಯ ಈಜುಡುಗೆಗಳು ಈಗ ಪಾಶ್ಚಾತ್ಯ ದೇಶಗಳಲ್ಲಿ ಅಗ್ಗದ ಬೆಲೆಗೆ ಮರಳಿ ಬಂದಿವೆಯಂತೆ. ಅಲ್ಲಿನ ಗೃಹಿಣಿಯರ ಪ್ರಶ್ನೆಯೂ ನಮ್ಮದೇ: ಎಷ್ಟು ನೀರು ಕಂಡರೆ ಇದು ಜೋತುಬೀಳುವುದು? ಹೊರಗಣ ಆಕಾರವು ಹಳೆಯದಾದರೂ ಒಳಗಣ ನೂಲು ಹೊಸದು. ಹಿಗ್ಗಿ ಕುಗ್ಗುವ ಸ್ಪ್ಯಾಂಡೆಕ್ಸ್ ಎಂಬ ನೂಲು ಹುಟ್ಟಿದ್ದೇ 1958ರಲ್ಲಿ. ಈಜುಕೊಳದ ಕ್ಲೋರಿನ್ ನೀರು ಅದನ್ನು ಬೇಗನೆ ಕೆಡಿಸುವುದು. ಬಟ್ಟೆಯನ್ನು ನಾಲ್ಕಾರು ಸಲ ಹಿಗ್ಗಿಸಿ ಬಿಟ್ಟು, ಮೊದಲಿನ ಅಳತೆಗೆ ಒಡನೆಯೇ ಮರಳುವುದೋ ಎಂದು ನೋಡುವುದೊಂದೇ ಅಲ್ಲಿ ಕೊಳ್ಳುವವರ ಕೈಯಲ್ಲಿರುವ ಉಪಾಯವು. ನಮ್ಮ ಪೇಟೆಯಲ್ಲಿ ಮಾರುವ ಸಿದ್ಧ ಖಣದ ಕುಪ್ಪಸಗಳಲ್ಲಿ ಎಲಾಸ್ಟಿಕ್ ಇದ್ದರೆ ಅವಕ್ಕೂ ಇದೇ ಪರೀಕ್ಷೆಯು ಸಲ್ಲುವುದು. ಇನ್ನು ಸೀರೆಗೆ ಬರೋಣ.

ಸಂಸ್ಕೃತದಲ್ಲಿ ‘ಓತಪ್ರೋತ’ವೆಂಬ ಶಬ್ದವಿದೆ. ಕನ್ನಡದಲ್ಲಿ ನಾವು ಅದನ್ನು ಮಳೆಗೂ ಮಾತಿಗೂ ಹಚ್ಚಿ, ಎಡೆಬಿಡದೆ ಸುರಿಯುವುದೆಂಬ ಅರ್ಥದಲ್ಲಿ ಬಳಸುತ್ತೇವೆ. ನಿಜವಾಗಿ ಅದು ನೇಯ್ಗೆಯ ಮಾತು. ಉದ್ದಕ್ಕೂ ಅಡ್ಡಕ್ಕೂ ನೆಯ್ಯಲ್ಪಟ್ಟುದು ಎಂದರ್ಥ. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು ಪ್ರಶ್ನಿಸುವಾಗ ಬಳಸುವ ಮಾತು ಇದೇ. ನಮ್ಮ ನೇಕಾರರು ಇದನ್ನು ಹಾಸು ಹೊಕ್ಕು ಎನ್ನುವರು. ಬಟ್ಟೆಯ ಬಾಳಿಕೆಯೆಲ್ಲವೂ ಹಾಸು ಹೊಕ್ಕುಗಳಲ್ಲಿಯೂ, ಅವು ಒಂದನ್ನೊಂದು ಹಿಡಿದುಕೊಂಡಿರುವ ಬಿಗಿಯಲ್ಲಿಯೂ ಇರುವುದಲ್ಲದೆ ಮೇಲಣ ಚಿತ್ರದಲ್ಲಿರುವುದಿಲ್ಲ.

ರಾಯಚೂರಿನಿಂದ ಲಿಂಗಸೂಗೂರು ಮುದಗಲ್ಲುಗಳ ಹಾದಿಯಾಗಿ ಪಡುವಲಿಗೆ ಹೋದರೆ ಇಳಕಲ್ಲು ಸಿಕ್ಕುವುದು. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಲ್ಲಿಯ ಸೀರೆಯ ಕಟ್ಟಿನಲ್ಲಿ ಎರಡು ವೈಶಿಷ್ಟ್ಯಗಳುಂಟು. ಮೊದಲನೆಯದು ಸೆರಗಿನ ಜೋಡಣೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ನೂಲುಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವರು. ಎರಡನೆಯದು ಕೊಂಡಿ. ಮೂರು ಲಾಳಿಗಳನ್ನಿಟ್ಟು ನೆಯ್ಯುವುದರಿಂದ ದಡಿಯ ಹೊಕ್ಕು ದಡಿಯಲ್ಲಿಯೇ ತಿರುಗುವುದು, ಒಡಲಿನ ಹೊಕ್ಕು ಒಡಲಿನಲ್ಲಿಯೇ. ನಡುವೆ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುವುವು. ಆದಕಾರಣವೇ ಕೆಂಪು ದಡಿಯು ನಿಚ್ಚಳವಾದ ಕೆಂಪಾಗಿ ಕಾಣುವುದು. ಅಗ್ಗದ ಯಂತ್ರಮಗ್ಗದ ಸೀರೆಗಳಲ್ಲಿ ಸಾಮಾನ್ಯವಾಗಿ ಒಂದೇ ಹೊಕ್ಕು ಈ ಅಂಚಿನಿಂದ ಆ ಅಂಚಿನವರೆಗೂ ಓಡುವುದರಿಂದ, ದಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಡಲಿನ ಬಣ್ಣದ ಛಾಯೆಯು ಅದರಲ್ಲಿ ಬೆರೆತು ಕಾಣುವುದು. ಸೆರಗಿನ ಆರಂಭದಲ್ಲಿ ಕುಣಿಕೆಗಳ ಸಾಲೂ ಇರುವುದಿಲ್ಲ. ಕೆಲವದರಲ್ಲಂತೂ ತೆನೆಯನ್ನು ನೆಯ್ದಿರುವುದೇ ಇಲ್ಲ, ಅಚ್ಚೊತ್ತಿರುವರು; ಬಟ್ಟೆಯನ್ನು ಮಗುಚಿದೊಡನೆ ಬಣ್ಣವು ಮಾಸಲಾಗಿ ಕಂಡು ಗುಟ್ಟು ಬಯಲಾಗುವುದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಯಂತ್ರಮಗ್ಗದ್ದೆಂಬ ಮಾತ್ರಕ್ಕೆ ಸೀರೆಯು ದುರ್ಬಲವೆಂದು ತಿಳಿಯಬಾರದು. ಒಳ್ಳೆಯ ಹತ್ತಿನೂಲನ್ನು ಯಂತ್ರದಲ್ಲಿ ನೆಯ್ದರೂ ಅದು ವರುಷಗಟ್ಟಲೆ ಬಾಳುವುದು. ಕಳಪೆ ನೂಲನ್ನು ಕೈಯಲ್ಲಿ ನೆಯ್ದರೂ ಅದು ಹರಿಯುವುದು. ಹೆಸರಿನ ವಂಚನೆಯು ಮಾತ್ರ ಬೇರೊಂದು ದೋಷ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿಯಿದೆ. ಕೆಲವು ಬಗೆಯ ಸೀರೆಗಳನ್ನು 1985ರ ಶಾಸನವು ಕೈಮಗ್ಗಕ್ಕೇ ಮೀಸಲಾಗಿಟ್ಟಿದೆ. 2006ರಿಂದ ಕೈಮಗ್ಗದ ಬಟ್ಟೆಗೆ ಸರಕಾರದ ಮುದ್ರೆಯೂ ಉಂಟು. ಕೈಮಗ್ಗದ್ದೆಂದು ಹೇಳಿ ಹೆಚ್ಚು ಬೆಲೆ ಕೇಳುವವನಲ್ಲಿ ಆ ಮುದ್ರೆಯ ಚೀಟಿಯನ್ನು ಕೇಳತಕ್ಕದ್ದು. ಐದುನೂರು ರೂಪಾಯಿಯವನಲ್ಲಿ ಕೇಳಿ ಫಲವಿಲ್ಲ. ಅವನಲ್ಲಿ ನೂಲನ್ನೇ ಪರೀಕ್ಷಿಸಬೇಕು.

ನೂಲಿನ ಪರೀಕ್ಷೆಗೆ ಬೆಂಕಿಯೇ ಸಾಕೆಂದು ಹಲವರ ಮತವು. ಸೀರೆಯ ತುದಿಯ ಒಂದೆರಡು ಎಳೆಗಳನ್ನು ಹೊಸೆದು ಹೊತ್ತಿಸಿದರೆ ಹತ್ತಿಯು ಕಾಗದದಂತೆ ಉರಿದು, ಮೃದುವಾದ ಬೂದಿಯಾಗುವುದು. ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಕೊಟ್ಟು, ಬೆರಳಿಗೆ ಪುಡಿಯಾಗುವ ಕರಿಯನ್ನು ಉಳಿಸುವುದು. ಪಾಲಿಯೆಸ್ಟರು ಕರಗಿ, ಹನಿಗಟ್ಟಿ, ಆರಿದ ಮೇಲೆ ಉಗುರಿಗೂ ಒಡೆಯದ ಗಟ್ಟಿ ಮಣಿಯಾಗುವುದು. ಇಷ್ಟು ನಿಜ. ಆದರೆ ರೇಯಾನ್ ಎಂಬ ಕೃತಕ ರೇಷ್ಮೆಯು ಮರದ ತಿರುಳಿನಿಂದ ಮಾಡಲ್ಪಡುವುದು. ಅದೂ ಹತ್ತಿಯೂ ಮೂಲತಃ ಒಂದೇ ದ್ರವ್ಯ. ಆದಕಾರಣ ಬೆಂಕಿಯಲ್ಲಿ ಅವೆರಡೂ ಒಂದೇ ತೆರನಾಗಿ ಉರಿಯುವುವು. ಅಗ್ನಿಪರೀಕ್ಷೆಯಲ್ಲಿ ತೇರ್ಗಡೆಯಾದ ಈ ಮಾಯಾವಿಯನ್ನು ಜಲಪರೀಕ್ಷೆಯಲ್ಲಿಯೇ ಹಿಡಿಯಬೇಕು. ಹತ್ತಿಯ ನೂಲು ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ತುಸು ಹೆಚ್ಚು ಬಲವನ್ನೇ ಪಡೆಯುವುದು. ರೇಯಾನಾದರೋ ಒದ್ದೆಯಾದೊಡನೆ ತನ್ನ ಬಲದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಳೆದುಕೊಳ್ಳುವುದು. ಒಣಗಿದ ಮೇಲೆ ಮರಳಿ ಪಡೆಯುವುದು. ಸಂತೆಯ ವೃದ್ಧೆಯು ಮಾಡಿ ತೋರಿಸಿದ್ದು ಇದನ್ನೇ. ನೂಲಿನ ನಡುವನ್ನು ಮಾತ್ರ ತೋಯಿಸಿ ಎಳೆದಾಗ ಅದು ಯಾವಾಗಲೂ ಒದ್ದೆಯಾದಲ್ಲಿಯೇ ಕಡಿದರೆ ರೇಯಾನೆಂದೂ, ಒಣಗಿದ ಕಡೆಗೆ ಎಲ್ಲಿಯಾದರೂ ಕಡಿದರೆ ಹತ್ತಿಯೆಂದೂ ಬಹುಮಟ್ಟಿಗೆ ನಂಬಬಹುದು. ಒಂದೇ ನೂಲಿನಿಂದ ತೀರ್ಮಾನಿಸದೆ ಮೂರು ನಾಲ್ಕನ್ನು ಎಳೆದು ನೋಡಬೇಕು. ಹಾಸಿನದನ್ನೂ ಹೊಕ್ಕಿನದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಅನೇಕ ಸೀರೆಗಳಲ್ಲಿ ಒಂದು ಹತ್ತಿಯಾದರೆ ಇನ್ನೊಂದು ಬೇರೆ.

ಈ ಪರೀಕ್ಷೆಯು ನಮ್ಮಲ್ಲಿ ಇಷ್ಟು ಮುಖ್ಯವೇಕೆಂದರೆ, ನಮ್ಮ ಹೆಂಗಸರು ಬಟ್ಟೆಯನ್ನು ಕಲ್ಲಿನ ಮೇಲೆ ಬಡಿದು ಒಗೆಯುವರು. ದೇವದುರ್ಗದ ಕಡೆ ಕೃಷ್ಣೆಯ ದಂಡೆಯಲ್ಲಾಗಲಿ, ಮಾನವಿಯ ಕಡೆ ತುಂಗಭದ್ರೆಯ ದಂಡೆಯಲ್ಲಾಗಲಿ, ಕಾಲುವೆಯ ಮೆಟ್ಟಿಲಿನಲ್ಲಾಗಲಿ ಬಟ್ಟೆಗೆ ಪೆಟ್ಟು ಬೀಳುವುದು ಒದ್ದೆಯಾಗಿದ್ದಾಗ. ಹಿಂಡುವುದೂ ಆಗಲೇ. ತಾನು ಅತ್ಯಂತ ದುರ್ಬಲವಾಗಿರುವ ಗಳಿಗೆಯಲ್ಲಿಯೇ ರೇಯಾನಿಗೆ ಅತ್ಯಂತ ಕಠಿಣವಾದ ಪೆಟ್ಟು. ನಿಜವಾದ ಇಳಕಲ್ ಸೀರೆಗಳಲ್ಲಿಯೂ ಸೆರಗಿಗೆ ‘ಚಮಕಾ’ ಎಂಬ ಕೃತಕ ರೇಷ್ಮೆಯನ್ನು ಹಾಕುವುದುಂಟು; ಅಂಥ ಸೀರೆಯಲ್ಲಿ ಒಡಲು ಗಟ್ಟಿಯಾಗಿರುವಾಗಲೇ ಸೆರಗು ಸವೆಯಬಹುದಾದ ಕಾರಣವೂ ಇದೇ. ಅದನ್ನು ಬಡಿಯದೆ, ಹಿಂಡದೆ, ನೀರಲ್ಲಿ ಅದ್ದಿ ಜಾಲಿಸಿ ತೂಗುಹಾಕಬೇಕು.

ಹಾಗಾದರೆ ಪಾಲಿಯೆಸ್ಟರೇ ಮೇಲಲ್ಲವೇ, ಅದು ನೀರಿಗೆ ಅಂಜದಷ್ಟೆ, ಎಂದು ಕೇಳುವವರಿರುವರು. ಬಾಳಿಕೆಯನ್ನಷ್ಟೇ ನೋಡಿದರೆ ಅದು ಹೌದು; ಸುಲಭವಾಗಿ ಹರಿಯದು. ಆದರೆ ಅದು ಬೆವರನ್ನು ಹೀರದು. ಉಷ್ಣಮಾನವು 40 ಡಿಗ್ರಿಯನ್ನು ಮೀರುವ ನಮ್ಮ ವೈಶಾಖದಲ್ಲಿ ಅದನ್ನುಟ್ಟು ಹೊಲದಲ್ಲಿ ದುಡಿಯುವುದು ಎಂಥ ಶಿಕ್ಷೆಯೆಂಬುದನ್ನು ಗಂಡಸರು ಅರಿಯರು. ಅದಕ್ಕಿಂತ ಹೆಚ್ಚಿನ ಭಯವು ಒಲೆಯ ಮುಂದೆ. ಹತ್ತಿಯೂ ಉರಿಯುವುದೇ ಸರಿ; ಆದರೆ ಕರಗಿದ ಪಾಲಿಯೆಸ್ಟರು ಮೈಗೆ ಅಂಟಿಕೊಂಡು ಚರ್ಮವನ್ನು ಆಳವಾಗಿ ಸುಡುವುದು; ಕಿತ್ತರೆ ಚರ್ಮವೂ ಬರುವುದು. ಸೌದೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಮನೆಯಲ್ಲಿ, ಬೆಲೆಯು ಎಷ್ಟೇ ಅಗ್ಗವಾಗಲಿ, ದಿನಬಳಕೆಗೆ ಇಂಥ ಸೀರೆಯನ್ನು ತರಲೇಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇದೊಂದರಲ್ಲಿ ನಾವು ಚೌಕಾಸಿಗೆ ಒಪ್ಪುವುದಿಲ್ಲ.

ಗಂಜಿಯ ಮೋಸವು ಹಳೆಯದು. ತೆಳುವಾದ ಬಟ್ಟೆಗೆ ದಟ್ಟವಾಗಿ ಗಂಜಿ ಕುಡಿಸಿದರೆ ಅಂಗಡಿಯಲ್ಲಿ ಅದು ಹಲಗೆಯಂತೆ ನಿಲ್ಲುವುದು, ಮೊದಲ ಒಗೆತಕ್ಕೆ ಬಲೆಯಾಗುವುದು. ಒಂದು ಮೂಲೆಯನ್ನು ಎರಡು ಬೆರಳುಗಳ ನಡುವೆ ಚೆನ್ನಾಗಿ ತಿಕ್ಕಿದರೆ ಬಿಳಿಯ ಪುಡಿಯು ಉದುರುವುದು. ತಿಕ್ಕಿದ ಭಾಗವನ್ನು ಬೆಳಕಿಗೆ ಹಿಡಿದರೆ ಸಾಚಾತನವು ತಿಳಿಯುವುದು. ನೇಯ್ಗೆಯ ಬಿಗಿಯನ್ನು ನೋಡಲು ಎರಡು ಹೆಬ್ಬೆರಳುಗಳನ್ನು ಒತ್ತಟ್ಟಿಗೆ ಇಟ್ಟು ಬಟ್ಟೆಯನ್ನು ಅತ್ತಿತ್ತ ಜಗ್ಗಬೇಕು. ನೂಲುಗಳು ಸರಿದು ಸಂದು ಬಿದ್ದರೆ ಆ ಸೀರೆಯು ನೆರಿಗೆ ಸಿಕ್ಕಿಸುವಲ್ಲಿ ಮೊದಲು ಪಿಸಿಯುವುದು. ದಡಿಯೂ ಒಡಲೂ ಕೂಡುವ ಗೆರೆಯಲ್ಲಿ ಈ ಪರೀಕ್ಷೆಯನ್ನು ತಪ್ಪದೆ ಮಾಡತಕ್ಕದ್ದು.

ಬಣ್ಣಕ್ಕೆ ಬಿಳಿಯ ಕರವಸ್ತ್ರವೇ ಸಾಕ್ಷಿ. ಅದನ್ನು ಒದ್ದೆಮಾಡಿ ಕೆಂಪು ಸೆರಗಿನ ಮೇಲೆ ಹತ್ತು ಸಲ ಒತ್ತಿ ತಿಕ್ಕಿದರೆ ಕೆಂಪು ಹತ್ತುವುದೋ ಇಲ್ಲವೋ ತಿಳಿಯುವುದು. ತುಸು ಹತ್ತಿದರೆ ದೋಷವಿಲ್ಲ, ಮೇಲಣ ಬಣ್ಣವು ಒಂದೆರಡು ಒಗೆತಕ್ಕೆ ಹೋಗುವುದು. ವಸ್ತ್ರವೇ ಕೆಂಪಾದರೆ ಆ ಸೀರೆಯು ಮನೆಯ ಬಿಳಿಬಟ್ಟೆಗಳಿಗೆಲ್ಲ ಕುಂಕುಮವಿಟ್ಟೀತು. “ಉಪ್ಪುನೀರಲ್ಲಿ ನೆನೆಸ್ರಿ, ಬಣ್ಣ ನಿಲ್ಲತೈತಿ” ಎಂದು ವ್ಯಾಪಾರಿಯು ಹೇಳುವನು. ಉಪ್ಪುನೀರಿನಲ್ಲಿ ಬಣ್ಣವು ಕಡಿಮೆ ಬಿಡುವುದು ದಿಟ. ಸಾದಾ ನೀರಿಗೆ ಹಾಕಿದೊಡನೆ ಅದು ಮತ್ತೆ ಬಿಡತೊಡಗುವುದು. ಬಣ್ಣವು ನಿಲ್ಲಬೇಕಾದುದು ಬಣ್ಣಗಾರನ ಹಂಡೆಯಲ್ಲಿ, ಗೃಹಿಣಿಯ ಬಕೆಟ್ಟಿನಲ್ಲಲ್ಲ.

ಇಷ್ಟೆಲ್ಲ ನೋಡಿದ ಬಳಿಕ ಬೆಲೆಯ ಲೆಕ್ಕ. 600 ರೂಪಾಯಿಯ ಸೀರೆಯೊಂದು 20 ಒಗೆತಕ್ಕೆ ಮುಗಿಯಿತೆಂದಿಟ್ಟುಕೊಳ್ಳೋಣ. ಒಗೆತವೊಂದಕ್ಕೆ 30 ರೂಪಾಯಿ ಬಿದ್ದಿತು. 1800 ರೂಪಾಯಿಯದು 120 ಒಗೆತವನ್ನು ತಾಳಿದರೆ ಬಿದ್ದುದು 15 ರೂಪಾಯಿ. ಆದರೆ ಈ ಗಣಿತವನ್ನು ಎಲ್ಲರಿಗೂ ಹೇರಬಾರದು. ಒಮ್ಮೆಗೆ 1800 ರೂಪಾಯಿ ಕೈಯಲ್ಲಿಲ್ಲದವಳಿಗೆ ಮಿತವ್ಯಯದ ಉಪದೇಶವು ಅಪಹಾಸ್ಯವೇ ಸರಿ. ಆಕೆಗೆ ನಾವು ಹೇಳುವುದಿಷ್ಟೆ: ಅದೇ 600 ರೂಪಾಯಿಗೆ ತೆನೆ ಚಿಕ್ಕಿಗಳಿಲ್ಲದ, ಸಾದಾ ದಡಿಯ, ನೂರಕ್ಕೆ ನೂರು ಹತ್ತಿಯ ಸೀರೆ ಸಿಕ್ಕಿದರೆ ಅದನ್ನು ತೆಗೆದುಕೊಳ್ಳಲಿ, ಹಳೆಯ ಚೆಲುವಿಗೆ ಕೊಡುವ ಹಣವು ನೂಲಿಗೆ ಹೋಗಲಿ. ಹತ್ತಿ ಬಿಡಿಸುವ ಕಾಲದಲ್ಲಿ ಅವಳು ಸೆರಗನ್ನೇ ಉಡಿಕಟ್ಟಿ ಅದರಲ್ಲಿ ಹತ್ತಿ ತುಂಬುವಳು. ಒಣಗಿದ ಕಾಯಿಯ ಮೊನೆಗಳು ಅದನ್ನು ದಿನವಿಡೀ ಗೀರುವುವು. ಮಾನವಿಯ ಗದ್ದೆಗಳಲ್ಲಿ ನಾಟಿ ಹಚ್ಚುವಾಗ ಮೊಳಕಾಲ ಮೇಲಕ್ಕೆ ಕಚ್ಚೆ ಬಿಗಿದು ಕೆಸರಿನಲ್ಲಿ ನಿಲ್ಲುವಳು. ಅಲ್ಲಿ ತೆನೆಯ ಚಿತ್ರವು ಯಾವ ಉಪಕಾರವನ್ನೂ ಮಾಡಲಾರದು. ವರುಷಕ್ಕೆರಡು ದಿನ ಉಟ್ಟು ಪೆಟ್ಟಿಗೆಯಲ್ಲಿಡುವ ಕಾಲೇಜಿನ ಹುಡುಗಿಗೆ ಮಾತ್ರ ಅಗ್ಗದ ಪ್ರತಿಕೃತಿಯು ಧಾರಾಳವಾಗಿ ಸಾಕು. ಅವಳಿಗಾಗಿ ತಂದೆಯು ಸಾಲಮಾಡಿ ರೇಷ್ಮೆಯ ಇಳಕಲ್ ತರಬೇಕಾಗಿಲ್ಲ.

ಉಟ್ಟು ಹಳತಾದ ಮೇಲೆಯೂ ಸೀರೆಗೆ ನಮ್ಮಲ್ಲಿ ಇನ್ನೊಂದು ಜನ್ಮವುಂಟು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಕೌದಿ ಹೊಲಿಯುವರು. ಹತ್ತಿಯ ಸೀರೆಯು ಹಳತಾದಷ್ಟೂ ಮೆತ್ತಗಾಗುವುದರಿಂದ ಬಾಣಂತಿಗೂ ಕೂಸಿಗೂ ಅದರ ಕೌದಿಯೇ ಹಿತ. ಕೌದಿ ಹೊಲಿಯುವ ಮುದುಕಿಯರು ಗಂಟು ಬಿಚ್ಚಿದೊಡನೆ ಸೀರೆಗಳನ್ನು ಮುಟ್ಟಿ ಮುಟ್ಟಿಯೇ ಬೇರ್ಪಡಿಸುವರು. ಜಾರುವ ಸೀರೆಯು ಸೂಜಿಗೆ ನಿಲ್ಲದೆಂದೂ, ಮೈಗೆ ಬೆಚ್ಚಗಾಗದೆಂದೂ ಪಕ್ಕಕ್ಕೆ ಸರಿಸುವರು. ಹಾಗೆ ಸರಿಸಲ್ಪಟ್ಟವು ಬಚ್ಚಲಿಗೆ ಮರೆಯಾಗಿಯೋ, ಹೊಲದಲ್ಲಿ ಹಂದಿಗಳು ಬಾರದಂತೆ ಕಟ್ಟಿದ ಬೇಲಿಯಾಗಿಯೋ ವರುಷಗಟ್ಟಲೆ ಗಾಳಿಗೆ ಪಟಪಟಿಸುವುವು. ಮಾನವಿಯ ಹಾದಿಯಲ್ಲಿ ಹೋಗುವವರು ಅಂಥ ಬೇಲಿಗಳಲ್ಲಿ ತೋಪತೆನಿಯ ಸೆರಗನ್ನೂ ಕಾಣಬಹುದು.