ಕೆಂಪಿಯನ್ನು ಕೊಟ್ಟದ್ದಕ್ಕೆ ಬಂದ ಮಾತುಗಳಿಗೆ

ಬೀದಿಯಿಂದ ತಂದು ಸಾಕಿದ ಹೆಣ್ಣು ನಾಯಿ ಕೆಂಪಿಯನ್ನು ಕಲಘಟಗಿ ಕಡೆಯ ತೋಟದ ಮನೆಯವರಿಗೆ ಕೊಟ್ಟ ಮೇಲೆ ನಮ್ಮೂರ ಕಟ್ಟೆಯ ಮೇಲೆ ನನ್ನ ವಿಚಾರವಾಗಿ ಒಂದು ಪಂಚಾಯ್ತಿಯೇ ನಡೆದಿದೆ. ಬೆನ್ನ ಹಿಂದೆ ಆಡಿದ್ದೂ ಕಿವಿಗೆ ಬಿದ್ದಿದೆ. ಎದುರಿಗೇ ಅಂದವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಹೆಚ್ಚು.

"ಕೊಡೂದ ಇತ್ತಂದ್ರ ಯಾಕ ಸಾಕಿದ್ರಿ? ಹಚ್ಚಿಕೊಂಡಿದ್ದು ಸುಳ್ಳೇನು?" ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಇದೇ. ಆಕೆ ಅಣ್ಣಿಗೇರಿ ಬಸ್ ನಿಲ್ದಾಣದ ಹಿಂದೆ ಬಿದ್ದಿದ್ದಳು. ಮೈತುಂಬ ಕಜ್ಜಿ. ಅದಕ್ಕೆ ಮದ್ದೆಂದು ಯಾರೋ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಸುರಿದಿದ್ದರು. ಪಾಪ, ಸುರಿದವರದು ಕೆಟ್ಟ ಮನಸ್ಸಲ್ಲ. ಆದರೆ ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಆಯಿಲ್ ಹೊಟ್ಟೆಗೆ ಹೋಗುತ್ತದೆ, ಕಜ್ಜಿಗಿಂತ ಮೊದಲು ನಾಯಿಯೇ ಹೋಗುವ ಹಾಗಾಗುತ್ತದೆ. ಶೇಂಗಾ ಎಣ್ಣೆ ತಿಕ್ಕಿ ಸಡಿಲಿಸಿ, ಕಡಲೆಹಿಟ್ಟು ಹಚ್ಚಿ ಹೀರಿಸಿ, ಪಾತ್ರೆ ತೊಳೆಯುವ ಸೋಪಿನಿಂದ ತೊಳೆದೆವು. ಕಿವಿಯ ಮಡಿಕೆಯೊಳಗಿನ ಕರಿ ಮಾತ್ರ ಬಹಳ ದಿನ ಕಾಡಿತು. ದನದ ಡಾಕ್ಟರ ಇಂಜೆಕ್ಷನ್ ಮುಗಿದು, ಕೂದಲು ಬಂದು, ಕೋಲು ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುವುದು ಬಿಟ್ಟ ಮೇಲೆ ನನ್ನ ಪಾಲಿನ ಕೆಲಸ ಮುಗಿಯಿತು. ನಮ್ಮಲ್ಲಿ ಮುದಿ ನಾಯಿಗಳು ಆಗಲೇ ಇವೆ. ಬಂದದ್ದನ್ನೆಲ್ಲ ಇಟ್ಟುಕೊಳ್ಳುತ್ತ ಹೋದರೆ ಮುಂದಿನ ಕಜ್ಜಿ ನಾಯಿಗೆ ಹಿತ್ತಲಲ್ಲಿ ಜಾಗವಿರುವುದಿಲ್ಲ. ಹಚ್ಚಿಕೊಂಡದ್ದು ನಿಜ. ಕೊಟ್ಟದ್ದೂ ಆ ಕಾರಣಕ್ಕೇ.

ಸಮಾಧಾನ ಹೇಳಲು ಬಂದ ಅಕ್ಕಾರೊಬ್ಬರು, "ಮಗಳನ್ನ ಗಂಡನ ಮನಿಗೆ ಕಳಿಸಿಧಂಗ ಅಂತ ತಿಳಕೊಳ್ರಿ" ಅಂದರು. ಒಳ್ಳೆಯ ಮಾತೇ, ಆದರೆ ನನಗೆ ಒಪ್ಪಿಗೆಯಿಲ್ಲ. ಕೊಟ್ಟ ಮಗಳು ಪಂಚಮಿಗೆ ತವರಿಗೆ ಬರುತ್ತಾಳೆ, ಕಷ್ಟವಾದರೆ ಫೋನಿನಲ್ಲಿ ಅಳುತ್ತಾಳೆ. ನಾಯಿ ಏನನ್ನೂ ಹೇಳಲಾರದು. ಹೀಗಾಗಿ ಕೇಳುವುದನ್ನೆಲ್ಲ ಕೊಡುವ ಮುಂಚೆ ನಾವೇ ಕೇಳಿಬಿಡಬೇಕು.

ಹಾಗೆ ಕೇಳಿದ್ದಕ್ಕೇ ಇನ್ನೊಂದು ಆಕ್ಷೇಪ ಬಂತು. ನವಲಗುಂದ ಕಡೆಯ ರೈತರೊಬ್ಬರು ಹೆಸರಿನ ರಾಶಿ ಕಾಯಲು ನಾಯಿ ಕೇಳಿದ್ದರು. ಕಟ್ಟಿ ಹಾಕುತ್ತೀರಾ, ಮಳೆ ಬಂದರೆ ಎಲ್ಲಿ ಮಲಗುತ್ತದೆ, ವರ್ಷಕ್ಕೊಮ್ಮೆ ಸೂಜಿ ಹಾಕಿಸುತ್ತೀರಾ ಎಂದೆಲ್ಲ ಕೇಳಿದೆ. "ನೀವು ನಾಯಿ ಕೊಡ್ತೀರೋ, ಸರಕಾರಿ ನೌಕರಿ ಕೊಡ್ತೀರೋ?" ಎಂದು ಸಿಟ್ಟಾದರು. ನಕ್ಕೆ, ಒಳ್ಳೆಯ ಮಾತಿಗೆ ನಗದೆ ಏನು ಮಾಡುವುದು! ಆದರೆ ರಾಶಿ ಮುಗಿದ ಮೇಲೆ ನಾಯಿ ಏನಾಗುತ್ತದೆ ಎಂಬುದಕ್ಕೆ ಅವರು ಉತ್ತರಿಸಲಿಲ್ಲ, ನಾನು ಕೊಡಲಿಲ್ಲ. ಇದು ನನ್ನೊಬ್ಬನ ಮಡಿವಂತಿಕೆ ಎನ್ನುವವರು ಸುಪ್ರೀಂ ಕೋರ್ಟಿನ 2025ರ ಆಗಸ್ಟ್ 22ರ ಆದೇಶ ನೋಡಲಿ. ದಿಲ್ಲಿಯ ನಾಯಿಗಳ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಬೀದಿ ನಾಯಿಯನ್ನು ದತ್ತು ಪಡೆಯಲು ಅವಕಾಶ ಕೊಟ್ಟಿತು. ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೇ ಎಂದೂ ಹೇಳಿತು. ಅಷ್ಟು ದೊಡ್ಡ ಹೊಣೆ ಹೊರುವವರನ್ನು ನಾಲ್ಕು ಪ್ರಶ್ನೆ ಕೇಳಿದರೆ ತಪ್ಪೇನು? ಸುಗ್ಗಿ ಮುಗಿದ ಮೇಲೆ ಕುಂದಗೋಳ ಕಡೆಯ ಹೊಲಗಳಲ್ಲಿ ಕುರಿ ನಿಲ್ಲಿಸುವವರ ಹತ್ತಿರ ಒಂದು ಕುನ್ನಿ ಕೇಳಿ ನೋಡಿ. ನಿಮ್ಮ ಊರು, ಹೊಲ, ಮನೆತನ ಎಲ್ಲ ವಿಚಾರಿಸಿಯೇ ಮಾತು ಮುಂದುವರಿಸುತ್ತಾರೆ.

"ಹೆಣ್ಣ ನಾಯಿಗೆ ಆಪರೇಷನ್ ಮಾಡಿಸಿದ್ದು ಪಾಪ" ಎಂದವರಿಗೆ: ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ವರ್ಷಕ್ಕೆ ಎರಡು ಸೂಲು ಆಗಬಹುದು. ಕಣ್ಣು ತೆರೆಯದ ಹೆಣ್ಣು ಕುನ್ನಿಗಳನ್ನು ಚೀಲದಲ್ಲಿ ಕಟ್ಟಿ ಹಳ್ಳದ ದಂಡೆಗೆ ಬಿಟ್ಟು ಬರುವವರು ಯಾರು? ಆ ಪಾಪದ ಲೆಕ್ಕ ಯಾರ ಖಾತೆಗೆ? ಆಪರೇಷನ್ ಆದ ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗವೂ ತಪ್ಪುತ್ತದೆ. ಹೆಣ್ಣೆಂದು ಮುಖ ತಿರುವಿದವರ ನಡುವೆ ಕಲಘಟಗಿಯವರು ಕೆಂಪಿಯನ್ನು ಒಪ್ಪಿದ್ದಕ್ಕೂ ಇದೇ ಆಪರೇಷನ್ ಕಾರಣ.

ಹುಚ್ಚು ನಾಯಿಯ ಭಯ ಬೇರೆ ಮಾತು, ಅದು ಹಗುರವಲ್ಲ. ರೇಬೀಸ್ ಲಕ್ಷಣ ಕಾಣಿಸಿತೆಂದರೆ ಮನುಷ್ಯ ಉಳಿಯುವುದು ಇಲ್ಲವೆಂದೇ ಲೆಕ್ಕ. ಆದರೆ ಮೂರು ತಿಂಗಳಾದ ಮರಿಗೆ ಸೂಜಿ ಹಾಕಿಸಿ, ವರ್ಷವರ್ಷ ಹಾಕಿಸುತ್ತ ಹೋದ ನಾಯಿಗೆ ಅಂಜುವ ಬದಲು, ಕಚ್ಚಿದ ಗಾಯಕ್ಕೆ ಖಾರದ ಪುಡಿ, ಸುಣ್ಣ ಮೆತ್ತುವ ನಮ್ಮ ಪದ್ಧತಿಗೆ ಅಂಜಬೇಕು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸಾಕಿದ ನಾಯಿ ಕಚ್ಚಿದರೂ ಅಷ್ಟೇ.

ನಾಯಿ ಮೈಲಿಗೆ, ಮನೆಯೊಳಗೆ ಬಿಟ್ಟುಕೊಂಡಿರಿ ಎನ್ನುವವರು ದೇವರಗುಡ್ಡಕ್ಕೆ ಹೋಗಿ ಬಂದವರೇ. ಅಲ್ಲಿ ಮೈಲಾರಲಿಂಗನ ನಾಯಿಗಳೆಂದು ಗೊರವಯ್ಯಗಳು ಬೊಗಳುತ್ತ ದೋಣಿಗೆ ಬಾಯಿ ಹಚ್ಚಿ ಉಣ್ಣುವಾಗ ಕೈಮುಗಿಯುತ್ತಾರೆ. ಹೆಚ್ಚಿಗೆ ಹೇಳುವುದಿಲ್ಲ.

"ಮಂದಿಗೇ ಇಲ್ಲ, ನಾಯಿಗೆ ಖರ್ಚೇನು?" ಎಂದವರು ಮಂದಿಗೆ ತಾವು ಏನು ಕೊಟ್ಟಿರೆಂದು ತಿಳಿಸಿದ ದಿನ ಇದಕ್ಕೆ ಉತ್ತರ ಬರೆಯುತ್ತೇನೆ.

"ಊರ ನಾಯಿ ಊರಾಗ ಇರ್ಲಿ" ಎಂಬ ವಾದಕ್ಕೆ ಮಾತ್ರ ನನ್ನ ಅರ್ಧ ಒಪ್ಪಿಗೆಯಿದೆ. ಓಣಿಯವರೆಲ್ಲ ರೊಟ್ಟಿ ಹಾಕುವ, ಗಟ್ಟಿಮುಟ್ಟಾದ ನಾಯಿಯನ್ನು ಹಿಡಿದು ದತ್ತು ಕೊಡುವ ಅವಸರ ಯಾರಿಗೂ ಬೇಡ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಆಪರೇಷನ್ ಮಾಡಿಸಿ, ಸೂಜಿ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕೆನ್ನುತ್ತವೆ. ಆದರೆ 2025ರ ನವೆಂಬರ್ 7ರಂದು ಅದೇ ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಹಿಡಿದರೆ ಮರಳಿ ಅಲ್ಲಿ ಬಿಡಬಾರದೆಂದಿತು. ಕೆಂಪಿ ಬಸ್ ನಿಲ್ದಾಣದವಳು. ಅವಳ ಊರು ಅದಾಗಿದ್ದರೆ, ಆ ಊರು ಈಗ ಇಲ್ಲ.

ಕೊನೆಗೆ, "ಅವರೂ ಬ್ಯಾಡಂದ್ರ ಏನ್ ಮಾಡ್ತೀರಿ?" ಅನ್ನಬಹುದು. ಹೊಸ ಮನೆಗೆ ಹೊಂದಲು ನಾಯಿಗೆ ಮೂರು ದಿನವಲ್ಲ, ಮೂರು ತಿಂಗಳು ಬೇಕಾದೀತು. ಮೊದಲು ಉಣ್ಣದೆ ಮೂಲೆ ಹಿಡಿದರೆ ಗಾಬರಿಯಾಗಬೇಡಿ ಎಂದು ಹೇಳಿಯೇ ಕೊಟ್ಟಿದ್ದೇನೆ. ರೊಟ್ಟಿಯ ಜೊತೆ ಉಳ್ಳಾಗಡ್ಡಿ ಹಾಕಬಾರದು, ಅದು ನಾಯಿಯ ರಕ್ತ ಕೆಡಿಸುತ್ತದೆ ಎಂಬುದನ್ನೂ ಚೀಟಿಯಲ್ಲಿ ಬರೆದಿದ್ದೇನೆ. ಅದೇ ಚೀಟಿಯ ತಳದಲ್ಲಿ ನನ್ನ ನಂಬರು ಇದೆ: ಬೇಡವಾದರೆ ರಾತ್ರಿ ಹನ್ನೆರಡಾದರೂ ಫೋನ್ ಮಾಡಿ, ನಾನೇ ಬಂದು ಕರೆದೊಯ್ಯುತ್ತೇನೆ, ಹೈವೇದಾಗ ಮಾತ್ರ ಇಳಿಸಿ ಹೋಗಬ್ಯಾಡ್ರಿ.